ಮೂರನೆಯ ಫೇಸು: ತಿರುಗುವ ಪರಿವರ್ತಕದ ತತ್ತ್ವ, ಜೋಡಣೆ ಮತ್ತು ದೋಷಪರೀಕ್ಷೆ

೧. ವಿಷಯಪ್ರವೇಶ

ಕಲಬುರಗಿಯ ಸ್ಟೇಶನ್ ಬಜಾರವು, ಹೆಸರೇ ಹೇಳುವಂತೆ, ರೈಲು ನಿಲ್ದಾಣದ ನೆರೆಯ ಪೇಟೆ. ಮುಂಬಯಿಯಿಂದ ಹೊರಟ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲುದಾರಿಯು ಕಲಬುರಗಿಯನ್ನು ಹಾದು ೧೮೭೧ರಲ್ಲಿ ರಾಯಚೂರನ್ನು ಮುಟ್ಟಿ, ಅಲ್ಲಿ ಮದರಾಸಿನ ದಾರಿಯೊಡನೆ ಕೂಡಿತು. ಒಂದು ಕಾಲಕ್ಕೆ ಹೊಗೆಬಂಡಿಗಳು ಓಡುತ್ತಿದ್ದ ಆ ಹಳಿಗಳ ಮೇಲುಗಡೆ ಇಂದು ೨೫,೦೦೦ ವೋಲ್ಟುಗಳ ವಿದ್ಯುತ್ ತಂತಿ ಹಾಯ್ದಿರುತ್ತದೆ. ಅದರಲ್ಲಿ ಹರಿಯುವುದು ಒಂದೇ ಫೇಸಿನ ವಿದ್ಯುತ್ತು. ಆದರೆ ಅದರ ಬಲದಿಂದ ಓಡುವ ಎಂಜಿನುಗಳ ಒಳಗೆ ಗಾಳಿಯನ್ನು ಬೀಸುವ, ಎಣ್ಣೆಯನ್ನು ಹರಿಸುವ, ಬ್ರೇಕಿನ ಗಾಳಿಯನ್ನು ಒತ್ತುವ ಮೋಟಾರುಗಳು ಮೂರು ಫೇಸಿನವು. ಒಂದು ಫೇಸು ಮೂರಾಗುವುದು ಹೇಗೆ?

ನಿಲ್ದಾಣವನ್ನು ಬಿಟ್ಟು ಹುಮನಾಬಾದಿನ ಹಾದಿಯಲ್ಲಿ ಕಮಲಾಪುರದ ಕಡೆಗೆ ಹೋದರೆ ಇದೇ ಪ್ರಶ್ನೆಯು ಹೊಲದಲ್ಲಿ ಎದುರಾಗುತ್ತದೆ. ಕಮಲಾಪುರದ ಕೆಂಪು ಬಾಳೆಯು ಭೌಗೋಳಿಕ ಗುರುತನ್ನು ಪಡೆದ ಬೆಳೆ. ಬಾಳೆ ನೀರನ್ನು ಬಿಟ್ಟು ಬಾಳಲಾರದು. ಕೊಳವೆಬಾವಿಯ ನೀರು ಮೇಲಕ್ಕೆ ಬರಬೇಕಾದರೆ ಮೂರು ಫೇಸಿನ ಪಂಪು ತಿರುಗಬೇಕು. ಕರ್ಣಾಟಕದ ಹಳ್ಳಿಗಳಲ್ಲಿ ಪಂಪುಗಳಿಗೆ ಮೂರು ಫೇಸು ದೊರೆಯುವುದು ದಿನದ ಕೆಲವು ಗಂಟೆಗಳ ಮಟ್ಟಿಗೆ. ಉಳಿದ ಹೊತ್ತಿನಲ್ಲಿ ದೀಪಕ್ಕೆಂದು ಬರುವ ಒಂದೇ ಫೇಸಿನಿಂದ ಪಂಪನ್ನು ನಡೆಸಲು ರೈತನು ಕಂಡೆನ್ಸರಿನ ಮೊರೆಹೊಗುವುದುಂಟು. ಕೆಲವೊಮ್ಮೆ ನೀರು ಬರುತ್ತದೆ. ಕೆಲವೊಮ್ಮೆ ಮೋಟಾರು ಸುಟ್ಟು, ಅದನ್ನು ಬಾವಿಯಿಂದೆತ್ತಿ ಮತ್ತೆ ವೈಂಡಿಂಗ್ ಮಾಡಿಸುವಷ್ಟರಲ್ಲಿ ಬೆಳೆ ಬಾಡುತ್ತದೆ.

ರೈಲಿನ ಎಂಜಿನಿನಲ್ಲಿ ಹಗಲಿರುಳು ನಡೆಯುವ ಉಪಾಯವು ಹೊಲದಲ್ಲಿ ಏತಕ್ಕೆ ಕೈಕೊಡುತ್ತದೆ ಎಂಬುದನ್ನು ತಿಳಿಯಬೇಕಾದರೆ, ಮೂರನೆಯ ಫೇಸು ಎಲ್ಲಿ ಹುಟ್ಟುತ್ತದೆ, ಅದರ ಬಲವೆಷ್ಟು, ಅದನ್ನು ಅಳೆಯುವ ಬಗೆ ಯಾವುದು ಎಂಬ ಮೂರು ಸಂಗತಿಗಳನ್ನು ಕ್ರಮವಾಗಿ ನೋಡಬೇಕು. ಮೂರನೆಯ ಫೇಸಿನ ಅಳತೆಯನ್ನು ನೋಡದೆ ಮೋಟಾರನ್ನು ನಡೆಸುವುದೇ ಬಹುಪಾಲು ಹಾನಿಗೆ ಮೂಲವೆಂಬುದು ಮುಂದಿನ ವಿವರಣೆಯಿಂದ ವಿಶದವಾಗುವುದು.

೨. ಹೆಸರಿನ ವಿಚಾರ

ಈ ಶಬ್ದಕ್ಕೆ ಕನ್ನಡದ ಶಾಸ್ತ್ರಗ್ರಂಥಗಳಲ್ಲಿ ಪ್ರಾವಸ್ಥೆ, ಹಂತ, ಕಲೆ ಎಂಬ ಹೆಸರುಗಳುಂಟು. ಇವುಗಳಲ್ಲಿ ಕಲೆ ಎಂಬುದು ಅರ್ಥಕ್ಕೆ ಅತ್ಯಂತ ಸಮೀಪವಾದುದು. ಚಂದ್ರನ ಕಲೆಗಳು ಒಂದೇ ಚಂದ್ರನ ಏರಿಳಿತದ ಬೇರೆ ಬೇರೆ ಘಟ್ಟಗಳಾಗಿರುವಂತೆ, ವಿದ್ಯುತ್ತಿನ ಫೇಸೂ ಏರಿಳಿಯುವ ಪ್ರವಾಹವು ಒಂದು ಕ್ಷಣದಲ್ಲಿ ಯಾವ ಘಟ್ಟದಲ್ಲಿದೆ ಎಂಬುದನ್ನು ಸೂಚಿಸುತ್ತದೆ. ಆದರೆ ಮೋಟಾರು ಕಟ್ಟುವವರ, ರೈತರ, ಲೈನ್‌ಮನ್ನರ ಬಾಯಲ್ಲಿ ನೆಲೆನಿಂತಿರುವುದು ಫೇಸು ಎಂಬ ಮಾತೇ. ಹಾಗೆಯೇ ಧಾರಕವೆಂದು ಪಠ್ಯಪುಸ್ತಕಗಳು ಹೇಳುವ ವಸ್ತುವು ಅಂಗಡಿಯಲ್ಲಿ ಕಂಡೆನ್ಸರು. ಬಳಕೆಯಲ್ಲಿ ಗಟ್ಟಿಯಾದ ಈ ಮಾತುಗಳನ್ನೇ ಇಲ್ಲಿಯೂ ಇಟ್ಟುಕೊಳ್ಳಲಾಗಿದೆ.

೩. ತತ್ತ್ವ

ಮೂರು ಫೇಸಿನ ಮೋಟಾರಿನ ಸ್ಥಿರಭಾಗದಲ್ಲಿ ಮೂರು ಸುರುಳಿಗಳನ್ನು ವೃತ್ತದ ಸುತ್ತ ಸಮಾನವಾದ ಅಂತರದಲ್ಲಿ ಕೂಡಿಸಿರುತ್ತಾರೆ. ಅವುಗಳಲ್ಲಿ ಹರಿಯುವ ಪ್ರವಾಹಗಳು ಒಟ್ಟಿಗೆ ಏರಿಳಿಯುವುದಿಲ್ಲ. ಒಂದು ತನ್ನ ತುದಿಯನ್ನು ಮುಟ್ಟಿದ ಮೇಲೆ, ಆವರ್ತದ ಮೂರನೆಯ ಒಂದು ಪಾಲು ಕಳೆದು, ಮುಂದಿನದು ತುದಿಯನ್ನು ಮುಟ್ಟುತ್ತದೆ. ಹೀಗೆ ಸರದಿ ಹಿಡಿದು ನಡೆಯುವುದರಿಂದ ಮೂರರ ಅಯಸ್ಕಾಂತ ಬಲಗಳು ಕೂಡಿ, ಒಂದೇ ಬಲವಾಗಿ ವೃತ್ತಾಕಾರದಲ್ಲಿ ತಿರುಗುತ್ತವೆ. ಸೆಕೆಂಡಿಗೆ ೫೦ ಆವರ್ತಗಳುಳ್ಳ ಭಾರತದ ವಿದ್ಯುತ್ತಿನಲ್ಲಿ ನಾಲ್ಕು ಧ್ರುವಗಳ ಮೋಟಾರಿನ ಕ್ಷೇತ್ರವು ನಿಮಿಷಕ್ಕೆ ೧೫೦೦ ಸುತ್ತು ತಿರುಗುತ್ತದೆ. ಒಳಗಿನ ಪಂಜರದಂಥ ತಿರುಗುಭಾಗವು ಅದನ್ನು ಬೆನ್ನಟ್ಟಿ, ಹೊರೆ ಹೊತ್ತಾಗ ಸುಮಾರು ೧೪೪೦ ಸುತ್ತು ತಿರುಗುತ್ತದೆ.

ತಿರುಗುವ ಕ್ಷೇತ್ರದ ತತ್ತ್ವವನ್ನು ೧೮೮೮ರಲ್ಲಿ ಇಟಲಿಯ ಫೆರಾರಿಸನೂ ಅಮೆರಿಕದಲ್ಲಿದ್ದ ಟೆಸ್ಲಾನೂ ಬೇರೆ ಬೇರೆಯಾಗಿ ಪ್ರಕಟಪಡಿಸಿದರು. ಮರುವರ್ಷವೇ ಡೊಲಿವೊ-ದೊಬ್ರೊವೊಲ್ಸ್ಕಿ ಎಂಬಾತನು ಜರ್ಮನಿಯಲ್ಲಿ ಮೂರು ಫೇಸಿನ ಪಂಜರ ಮೋಟಾರನ್ನು ನಿರ್ಮಿಸಿದನು. ೧೮೯೧ರಲ್ಲಿ ಲೌಫೆನ್ನಿನಿಂದ ಫ್ರಾಂಕ್‌ಫರ್ಟಿಗೆ ೧೭೫ ಕಿಲೋಮೀಟರು ದೂರ ಮೂರು ಫೇಸಿನ ವಿದ್ಯುತ್ತು ಹರಿಯಿತು. ಇದಾದ ಹನ್ನೊಂದು ವರ್ಷಗಳಲ್ಲಿಯೇ, ೧೯೦೨ರಲ್ಲಿ, ಶಿವನಸಮುದ್ರದ ಕಾವೇರಿಯ ಶಕ್ತಿಯು ಸುಮಾರು ೯೦ ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು.

ಈಗ ಒಂದೇ ಫೇಸಿನ ಸ್ಥಿತಿಯನ್ನು ನೋಡಬೇಕು. ಒಂದೇ ಫೇಸನ್ನು ಕೊಟ್ಟಾಗ ಕ್ಷೇತ್ರವು ತಿರುಗುವುದಿಲ್ಲ. ಒಂದೇ ರೇಖೆಯಲ್ಲಿ ಹಿಂದೆ ಮುಂದೆ ತುಯ್ದಾಡುತ್ತದೆ. ಮೋಟಾರು ಗುಂಯ್‌ಗುಡುತ್ತದೆಯೇ ಹೊರತು ಕದಲುವುದಿಲ್ಲ. ದರ್ಜಿಯ ಹೊಲಿಗೆ ಯಂತ್ರವು ಇದಕ್ಕೆ ಒಳ್ಳೆಯ ದೃಷ್ಟಾಂತ. ಕಾಲಿನ ಮೆಟ್ಟುಹಲಗೆಯು ಮೇಲಕ್ಕೂ ಕೆಳಕ್ಕೂ ಆಡುವುದಷ್ಟೇ. ಆದರೂ ಚಕ್ರ ತಿರುಗುತ್ತದೆ. ಚಕ್ರವು ಸತ್ತ ಬಿಂದುವಿನಲ್ಲಿ ನಿಂತಾಗ ಮೆಟ್ಟು ಎಷ್ಟು ಒತ್ತಿದರೂ ಅದು ಅಲುಗದು. ದರ್ಜಿಯು ಕೈಯಿಂದ ಚಕ್ರವನ್ನು ಸ್ವಲ್ಪ ತಿರುವುತ್ತಾನೆ. ಆ ಮೇಲೆ ಮೆಟ್ಟು ಚಕ್ರವನ್ನು ನಡೆಸಿಕೊಂಡು ಹೋಗುತ್ತದೆ. ಯಾವ ದಿಕ್ಕಿಗೆ ತಿರುವಿದನೋ ಆ ದಿಕ್ಕಿಗೇ ಅದು ಓಡುತ್ತದೆ.

ಒಂದು ಫೇಸಿನಲ್ಲಿ ನಿಂತ ಮೋಟಾರೂ ಹಾಗೆಯೇ. ತುಯ್ದಾಡುವ ಕ್ಷೇತ್ರವು ಎದುರುಬದುರಾಗಿ ತಿರುಗುವ ಎರಡು ಸಮಬಲದ ಕ್ಷೇತ್ರಗಳ ಮೊತ್ತಕ್ಕೆ ಸಮಾನ. ನಿಂತಾಗ ಎರಡರ ಸೆಳೆತವೂ ಸಮವಾದ್ದರಿಂದ ಚಲನೆಯಿಲ್ಲ. ಒಂದು ದಿಕ್ಕಿಗೆ ಒಮ್ಮೆ ವೇಗ ಬಂದಿತೆಂದರೆ ಆ ದಿಕ್ಕಿನ ಕ್ಷೇತ್ರವು ಮೇಲುಗೈಯಾಗಿ, ಇನ್ನೊಂದನ್ನು ತಿರುಗುಭಾಗದ ಪ್ರವಾಹಗಳು ಬಹುಮಟ್ಟಿಗೆ ಅಡಗಿಸುತ್ತವೆ. ಆಗ ಮೋಟಾರಿನೊಳಗೆ ನಿಜವಾಗಿಯೂ ತಿರುಗುವ ಕ್ಷೇತ್ರವೊಂದು ಏರ್ಪಡುತ್ತದೆ. ಈ ಕ್ಷೇತ್ರವು ಹೊರಗಿನಿಂದ ವಿದ್ಯುತ್ತನ್ನು ಪಡೆಯದ ಮೂರನೆಯ ಸುರುಳಿಯ ಮೇಲೆಯೂ ಹಾದುಹೋಗುವುದರಿಂದ ಅಲ್ಲಿ ಹೊಸ ವೋಲ್ಟೇಜು ಹುಟ್ಟುತ್ತದೆ. ಅದು ತಕ್ಕ ಕಾಲಾಂತರದಲ್ಲಿಯೇ ಹುಟ್ಟುತ್ತದೆ. ಏತಕ್ಕೆಂದರೆ ಸುರುಳಿಯು ವೃತ್ತದಲ್ಲಿ ಮೂರನೆಯ ಒಂದು ಪಾಲು ದೂರದಲ್ಲಿ ಕುಳಿತಿದೆ. ಇದೇ ಮೂರನೆಯ ಫೇಸು. ಹೊರೆಯಿಲ್ಲದೆ ತಿರುಗುತ್ತ ಈ ಫೇಸನ್ನು ಹಡೆಯುವ ಮೋಟಾರೇ ತಿರುಗುವ ಪರಿವರ್ತಕ.

ಅಮೆರಿಕದ ನಾರ್ಫೋಕ್ ಅಂಡ್ ವೆಸ್ಟರ್ನ್ ರೈಲುದಾರಿಯು ೧೯೧೫ರಲ್ಲಿ ಇಂಥ ಪರಿವರ್ತಕವನ್ನು ಎಂಜಿನುಗಳಲ್ಲಿ ಹೂಡಿತು. ಹಂಗೇರಿಯ ಕಾಂಡೋ ಎಂಬ ಎಂಜಿನಿಯರನ ಪದ್ಧತಿಯು ೧೯೩೨ರಲ್ಲಿ ಬುಡಾಪೆಸ್ಟಿನಿಂದ ಹೊರಡುವ ದಾರಿಯಲ್ಲಿ ಬಳಕೆಗೆ ಬಂದಿತು. ಭಾರತದ ರೈಲುಗಳಲ್ಲಿ ಡಬ್ಲ್ಯುಎಜಿ-೫, ಡಬ್ಲ್ಯುಎಪಿ-೪ ಮೊದಲಾದ ವರ್ಗಗಳ ಎಂಜಿನುಗಳಿಗೆ ಅಳವಡಿಸಿದ ಆರ್ನೋ ಪರಿವರ್ತಕವು ಇದೇ ಜಾತಿಯದು. ಮೊದಲು ಪ್ರತಿರೋಧಕದ ನೆರವಿನಿಂದ ಅದಕ್ಕೆ ಚಾಲನೆ ಕೊಡುತ್ತಾರೆ. ಮೂರನೆಯ ಫೇಸಿನ ವೋಲ್ಟೇಜು ತಕ್ಕಷ್ಟು ಏರಿತೆಂದು ಒಂದು ರಿಲೇ ಕಂಡುಕೊಂಡು ಆ ನೆರವನ್ನು ಬಿಡಿಸುತ್ತದೆ. ಈಚಿನ ಎಂಜಿನುಗಳಲ್ಲಿ ತಿರುಗುವ ಭಾಗವಿಲ್ಲದ ಎಲೆಕ್ಟ್ರಾನಿಕ್ ಪರಿವರ್ತಕಗಳು ಈ ಸ್ಥಾನಕ್ಕೆ ಬಂದಿವೆ.

೪. ಜೋಡಣೆ

ಬರುವ ಎರಡು ತಂತಿಗಳನ್ನು ಒಂದು, ಎರಡು ಎಂದೂ, ಪರಿವರ್ತಕದಲ್ಲಿ ಹುಟ್ಟುವುದನ್ನು ಮೂರು ಎಂದೂ ಕರೆಯಬಹುದು. ಒಂದು ಮತ್ತು ಎರಡು ನೇರವಾಗಿ ಪರಿವರ್ತಕಕ್ಕೂ ಕೆಲಸದ ಮೋಟಾರಿಗೂ ಹೋಗುತ್ತವೆ. ಪರಿವರ್ತಕದ ಮೂರನೆಯ ತುದಿಯಿಂದ ಹೊರಟ ತಂತಿಯು ಕೆಲಸದ ಮೋಟಾರಿನ ಮೂರನೆಯ ತುದಿಯನ್ನು ಸೇರುತ್ತದೆ. ಮುಖ್ಯವಾದ ಜೋಡಣೆ ಇಷ್ಟೇ. ಆದರೆ ನಾಲ್ಕು ವಿಷಯಗಳಲ್ಲಿ ಎಚ್ಚರ ಬೇಕು.

ಮೊದಲನೆಯದು ವೋಲ್ಟೇಜು. ಮನೆಗೆ ಬರುವ ಒಂದು ಫೇಸು ೨೩೦ ವೋಲ್ಟು. ಮೂರು ಫೇಸಿನ ತಂತಿಗಳ ನಡುವಣ ವೋಲ್ಟೇಜು ೪೦೦. ಆರು ತುದಿಗಳೂ ಹೊರಗಿರುವ ಸಣ್ಣ ಮೋಟಾರಿನ ಫಲಕದ ಮೇಲೆ ಎರಡು ವೋಲ್ಟೇಜುಗಳನ್ನೂ ಬರೆದಿದ್ದರೆ, ಅದನ್ನು ೪೦೦ಕ್ಕೆ ಸ್ಟಾರ್ ಕ್ರಮದಲ್ಲಿಯೂ ೨೩೦ಕ್ಕೆ ಡೆಲ್ಟಾ ಕ್ರಮದಲ್ಲಿಯೂ ಕಟ್ಟಬಹುದು. ಯು೨, ವಿ೨, ಡಬ್ಲ್ಯು೨ಗಳನ್ನು ಒಂದುಗೂಡಿಸಿದರೆ ಸ್ಟಾರ್. ಯು೧ನ್ನು ಡಬ್ಲ್ಯು೨ಕ್ಕೂ, ವಿ೧ನ್ನು ಯು೨ಕ್ಕೂ, ಡಬ್ಲ್ಯು೧ನ್ನು ವಿ೨ಕ್ಕೂ ಕೂಡಿಸಿದರೆ ಡೆಲ್ಟಾ. ದೊಡ್ಡ ಮೋಟಾರುಗಳು ೪೦೦ ವೋಲ್ಟಿಗೇ ಡೆಲ್ಟಾ ಆಗಿರುತ್ತವೆ. ಅವಕ್ಕೆ ೨೩೦ನ್ನು ಕೊಟ್ಟರೆ ತಿರುಚುಬಲವು ಮೂರನೆಯ ಒಂದು ಪಾಲಿಗೆ ಇಳಿಯುತ್ತದೆ. ಆದುದರಿಂದ ವೋಲ್ಟೇಜನ್ನು ಏರಿಸುವ ಟ್ರಾನ್ಸ್‌ಫಾರ್ಮರು ಅವಶ್ಯ.

ಎರಡನೆಯದು ಚಾಲನೆ. ದರ್ಜಿಯ ಕೈಯ ಕೆಲಸವನ್ನು ಇಲ್ಲಿ ಕಂಡೆನ್ಸರು ಮಾಡುತ್ತದೆ. ಒಂದಕ್ಕೂ ಮೂರಕ್ಕೂ ನಡುವೆ ಸ್ಟಾರ್ಟಿಂಗ್ ಕಂಡೆನ್ಸರನ್ನು ಕೆಲವು ಸೆಕೆಂಡು ಸೇರಿಸಿ, ವೇಗ ಬಂದೊಡನೆ ಬಿಡಿಸತಕ್ಕದ್ದು. ಅದು ಕ್ಷಣಿಕವಾದ ಕೆಲಸಕ್ಕೆ ಮಾತ್ರ ಕಟ್ಟಿದ್ದು. ಸೇರಿಸಿಯೇ ಇಟ್ಟರೆ ಕಾದು ಉಬ್ಬಿ ಒಡೆಯುತ್ತದೆ. ಸದಾ ಸೇರಿರಬಲ್ಲ ರನ್ನಿಂಗ್ ಕಂಡೆನ್ಸರುಗಳು ಬೇರೆಯೇ. ಅವನ್ನು ಒಂದು–ಮೂರರ ನಡುವೆಯೂ ಎರಡು–ಮೂರರ ನಡುವೆಯೂ ಇಟ್ಟು ಮೂರನೆಯ ಫೇಸನ್ನು ಸಮತೋಲಕ್ಕೆ ತರುತ್ತಾರೆ.

ಮೂರನೆಯದು ಗಾತ್ರ. ಕೆಲಸದ ಮೋಟಾರು ಹೊರಡುವಾಗ ಸೆಳೆಯುವ ಪ್ರವಾಹವು ಅದು ನಡೆಯುವಾಗ ಸೆಳೆಯುವುದರ ಹಲವು ಪಾಲು. ಮೂರನೆಯ ತಂತಿಯ ಭಾರವನ್ನೆಲ್ಲ ಪರಿವರ್ತಕವೇ ಹೊರಬೇಕಾದ್ದರಿಂದ, ಅದನ್ನು ಕೆಲಸದ ಅತಿ ದೊಡ್ಡ ಮೋಟಾರಿನ ಒಂದೂವರೆ ಪಾಲಿನಷ್ಟು ಅಶ್ವಶಕ್ತಿಯದಾಗಿ ಆರಿಸುವುದು ವಾಡಿಕೆ. ಪರಿವರ್ತಕವು ಪೂರ್ಣ ವೇಗಕ್ಕೆ ಬಂದ ಮೇಲೆಯೇ ಕೆಲಸದ ಮೋಟಾರನ್ನು ಸೇರಿಸತಕ್ಕದ್ದು.

ನಾಲ್ಕನೆಯದು ಸ್ಟಾರ್ಟರಿನ ಕಾಯಿಲು. ಇದನ್ನು ಒಂದು ಮತ್ತು ಎರಡರ ನಡುವೆಯೇ ಕಟ್ಟತಕ್ಕದ್ದು. ಮೂರನೆಯ ತಂತಿಗೆ ಕಟ್ಟಿದರೆ, ಮೋಟಾರು ಹೊರಡುವ ಕ್ಷಣದಲ್ಲಿ ಆ ತಂತಿಯ ವೋಲ್ಟೇಜು ಕುಸಿದು, ಕಾಯಿಲಿನ ಹಿಡಿತ ಸಡಿಲಿ, ಸ್ಟಾರ್ಟರು ಕಟಕಟಿಸುತ್ತದೆ. ಅದರ ಮುಖಗಳು ಸುಡುತ್ತವೆ. ಮೂರನೆಯ ತಂತಿಯನ್ನು ನ್ಯೂಟ್ರಲ್ಲಿಗಾಗಲಿ ಭೂಮಿಗಾಗಲಿ ಕೂಡಿಸಕೂಡದು. ಅದರಿಂದ ದೀಪವನ್ನೂ ಉರಿಸಕೂಡದು. ಪರಿವರ್ತಕದ ಲೋಹದ ಮೈಯನ್ನು ಮಾತ್ರ ತಪ್ಪದೆ ಅರ್ಥಿಂಗಿಗೆ ಕೂಡಿಸಬೇಕು.

ಹೊಲದಲ್ಲಿ ಸಾಮಾನ್ಯವಾಗಿ ಕಾಣುವುದು ಈ ಪೂರ್ಣ ಜೋಡಣೆಯಲ್ಲ. ಅಲ್ಲಿ ಬೇರೆ ಪರಿವರ್ತಕವಿಲ್ಲ; ಪಂಪಿನ ಮೋಟಾರಿಗೇ ಕಂಡೆನ್ಸರನ್ನು ಕಟ್ಟಿರುತ್ತಾರೆ. ಹೊರೆಯನ್ನು ಹೊರುವುದೂ ಮೂರನೆಯ ಫೇಸನ್ನು ಹುಟ್ಟಿಸುವುದೂ ಒಂದೇ ಮೋಟಾರಿನ ಪಾಲಿಗೆ ಬರುತ್ತವೆ. ಎರಡು ಸುರುಳಿಗಳು ಮಿತಿಮೀರಿ ಕಾಯುತ್ತವೆ, ಮೂರನೆಯದು ಅರೆಕೆಲಸ ಮಾಡುತ್ತದೆ. ರೈಲಿನ ಎಂಜಿನಿನಲ್ಲಿ ನಡೆಯುವ ಉಪಾಯವು ಹೊಲದಲ್ಲಿ ಕೈಕೊಡುವುದಕ್ಕೆ ಇದು ಮೊದಲ ಕಾರಣ.

೫. ಅಳತೆ

ಎರಡನೆಯ ಕಾರಣವು ಅಳತೆಯ ಅಭಾವ. ಕಣ್ಣಿಗೂ ಕಿವಿಗೂ ಸರಿಯಾಗಿಯೇ ಕಾಣುವ ಮೋಟಾರು ಒಳಗೆ ಸುಡುತ್ತಿರಬಹುದು. ಕೆಲಸದ ಹೊರೆ ಇರುವಾಗಲೇ ಮೂರು ಜೋಡಿ ತಂತಿಗಳ ನಡುವಣ ವೋಲ್ಟೇಜುಗಳನ್ನು ಅಳೆದು, ಸರಾಸರಿಯನ್ನು ತೆಗೆದು, ಸರಾಸರಿಯಿಂದ ಅತಿ ದೂರವಿರುವುದರ ಅಂತರವನ್ನು ಶೇಕಡಾವಾರು ಲೆಕ್ಕ ಹಾಕತಕ್ಕದ್ದು. ಅದೇ ಅಸಮತೆಯ ಪ್ರಮಾಣ.

ಉದಾಹರಣೆಗೆ ಅಳತೆಗಳು ೪೦೦, ೩೮೮, ೩೮೨ ಎಂದಿರಲಿ. ಸರಾಸರಿ ೩೯೦, ಅತಿ ಹೆಚ್ಚಿನ ಅಂತರ ೧೦, ಅಸಮತೆಯು ಶೇಕಡಾ ೨.೬ರಷ್ಟು. ಈ ಪ್ರಮಾಣದ ವರ್ಗವನ್ನು ಇಮ್ಮಡಿಸಿದರೆ ಮೋಟಾರಿನ ಕಾವು ಶೇಕಡಾ ಎಷ್ಟು ಏರುವುದೆಂಬ ಸ್ಥೂಲವಾದ ಲೆಕ್ಕ ಸಿಗುತ್ತದೆ. ಇಲ್ಲಿ ಅದು ಸುಮಾರು ೧೩. ಅಳತೆಗಳು ೪೦೦, ೩೭೬, ೩೬೪ ಆಗಿದ್ದರೆ ಸರಾಸರಿ ೩೮೦, ಅಂತರ ೨೦, ಅಸಮತೆ ಶೇಕಡಾ ೫.೩, ಕಾವಿನ ಏರಿಕೆ ಶೇಕಡಾ ೫೫ರಷ್ಟು. ಅಸಮತೆಯು ಇಮ್ಮಡಿಯಾದರೆ ಕಾವು ನಾಲ್ಮಡಿಯಾಗುತ್ತದೆ. ಸುರುಳಿಯ ಹೊದಿಕೆಯು ೧೦ ಡಿಗ್ರಿ ಹೆಚ್ಚು ಕಾದರೆ ಅದರ ಆಯುಷ್ಯ ಅರ್ಧವಾಗುವುದೆಂಬುದು ಎಂಜಿನಿಯರರು ಬಳಸುವ ಸಾಮಾನ್ಯ ಸೂತ್ರ. ಆದುದರಿಂದಲೇ ಅಸಮತೆಯು ಶೇಕಡಾ ೧ನ್ನು ಮೀರಿದರೆ ಹೊರೆಯನ್ನು ತಗ್ಗಿಸಬೇಕೆಂದೂ, ೫ನ್ನು ಮೀರಿದರೆ ಮೋಟಾರನ್ನು ನಡೆಸಲೇ ಬಾರದೆಂದೂ ನಿಯಮವಿದೆ.

ಅಸಮತೆಯು ಹೆಚ್ಚಿದ್ದರೆ ರನ್ನಿಂಗ್ ಕಂಡೆನ್ಸರುಗಳನ್ನು ಒಂದೊಂದಾಗಿ ಸೇರಿಸಿ ಮತ್ತೆ ಮತ್ತೆ ಅಳೆಯಬೇಕು. ಹೊರೆಯಿಲ್ಲದಾಗ ಅಳೆದು ಸಮವೆಂದು ಬಿಟ್ಟರೆ ಹೊರೆ ಬಿದ್ದಾಗ ಮೂರನೆಯ ಫೇಸು ಇಳಿಯುತ್ತದೆ. ಹೊರೆಯಿರುವಾಗ ಸಮವಾಗಿರುವುದು ಹೊರೆಯಿಲ್ಲದಾಗ ತುಸು ಏರಿರುವುದು ಸಹಜ.

೬. ದೋಷಪರೀಕ್ಷೆ

ದೋಷವನ್ನು ಹುಡುಕುವ ಮೊದಲು ಮುಖ್ಯ ಸ್ವಿಚ್ಚನ್ನು ತೆಗೆದು, ಮೋಟಾರು ಪೂರ್ತಿ ನಿಂತಿದೆಯೆಂದು ನೋಡಿ, ಕಂಡೆನ್ಸರುಗಳಲ್ಲಿ ಉಳಿದ ವಿದ್ಯುತ್ತನ್ನು ಪ್ರತಿರೋಧಕದ ಮೂಲಕ ಹರಿಯಿಸಬೇಕು. ಸ್ವಿಚ್ಚು ತೆಗೆದ ಮೇಲೂ ತಿರುಗುತ್ತಿರುವ ಪರಿವರ್ತಕವು ಕೆಲವು ಕ್ಷಣ ವೋಲ್ಟೇಜನ್ನು ಕೊಡುತ್ತಿರುತ್ತದೆ.

ಪರಿವರ್ತಕವು ಗುಂಯ್‌ಗುಟ್ಟಿ ನಿಂತರೆ ಕೂಡಲೇ ಸ್ವಿಚ್ಚು ತೆಗೆಯಬೇಕು. ಹೊರಗಿನ ವೋಲ್ಟೇಜು ಸರಿಯಿದ್ದರೆ ದೋಷವು ಬಹುಮಟ್ಟಿಗೆ ಚಾಲನೆಯ ಭಾಗದಲ್ಲಿದೆ: ಸತ್ತ ಕಂಡೆನ್ಸರು, ಸುಟ್ಟ ರಿಲೇ ಮುಖ, ಸಡಿಲಿದ ತಂತಿ. ಗುಂಯ್‌ಗುಡದೆ ಸುಮ್ಮನೆ ನಿಂತಿದ್ದರೆ ಒಂದು ಅಥವಾ ಎರಡನೆಯ ತಂತಿಯೇ ಬಂದಿಲ್ಲ, ಇಲ್ಲವೆ ಸುರುಳಿ ಕಡಿದಿದೆ.

ಚಾಲನೆ ಸಿಕ್ಕಿದ ಮೇಲೆ ಗದ್ದಲ ಹೆಚ್ಚಾಗಿ, ಮೂರನೆಯ ವೋಲ್ಟೇಜು ಮಿತಿಮೀರಿ ಏರಿದ್ದರೆ ಸ್ಟಾರ್ಟಿಂಗ್ ಕಂಡೆನ್ಸರು ಬಿಟ್ಟಿಲ್ಲವೆಂದು ತಿಳಿಯತಕ್ಕದ್ದು. ಪರಿವರ್ತಕವು ಸರಿಯಾಗಿ ತಿರುಗುತ್ತಿದ್ದು ಕೆಲಸದ ಮೋಟಾರು ಮಾತ್ರ ಹೊರಡದಿದ್ದರೆ, ಹೊರಡುವ ಕ್ಷಣದ ಮೂರನೆಯ ವೋಲ್ಟೇಜನ್ನು ನೋಡಬೇಕು. ಅದು ತೀರ ಕುಸಿದರೆ ಪರಿವರ್ತಕ ಚಿಕ್ಕದು, ಅಥವಾ ತಂತಿ ತೆಳ್ಳಗಿದೆ. ಪಂಪು ತಿರುಗಿಯೂ ನೀರು ಕಡಮೆಯಾದರೆ ಅದು ಹಿಮ್ಮುಖವಾಗಿ ತಿರುಗುತ್ತಿರಬಹುದು. ಕೆಲಸದ ಮೋಟಾರಿನ ಯಾವುವಾದರೂ ಎರಡು ತಂತಿಗಳನ್ನು ಅದಲುಬದಲು ಮಾಡಿದರೆ ದಿಕ್ಕು ತಿರುಗುತ್ತದೆ.

ಸುರುಳಿಗಳ ಸ್ಥಿತಿಯನ್ನು ಓಮ್ ಅಳತೆಯು ಹೇಳುತ್ತದೆ. ಒಂದೊಂದು ಸುರುಳಿಯೂ ೩ ಓಮಿನದೆಂದು ಇಟ್ಟುಕೊಂಡರೆ, ಡೆಲ್ಟಾದಲ್ಲಿ ಮೂರು ಜೋಡಿಗಳೂ ೨, ೨, ೨ ತೋರಬೇಕು. ಒಂದು ಸುರುಳಿ ಕಡಿದಿದ್ದರೆ ೬, ೩, ೩ ಎಂದು ತೋರುತ್ತದೆ. ೬ ತೋರಿದ ಜೋಡಿಯ ನಡುವಣ ಸುರುಳಿಯೇ ಕಡಿದದ್ದು. ಸ್ಟಾರಿನಲ್ಲಿ ೬, ೬, ೬ ಸರಿಯಾದ ಅಳತೆ. ಕಡಿದಿದ್ದರೆ ಒಂದೇ ಜೋಡಿ ೬ ತೋರಿ ಉಳಿದೆರಡು ಏನನ್ನೂ ತೋರವು. ಬಳಿಕ ಕಂಡೆನ್ಸರುಗಳನ್ನು ಬೇರ್ಪಡಿಸಿ, ಸುರುಳಿಗೂ ಮೈಗೂ ನಡುವೆ ೫೦೦ ವೋಲ್ಟಿನ ಮೆಗ್ಗರಿನಿಂದ ಪರೀಕ್ಷಿಸಬೇಕು. ೧ ಮೆಗಾಓಮಿಗಿಂತ ಕಡಮೆ ಬಂದರೆ ಒಳಗೆ ಪಸೆ ಸೇರಿದೆ ಅಥವಾ ಹೊದಿಕೆ ಕೆಟ್ಟಿದೆ. ಅದನ್ನು ಒಣಗಿಸದೆ, ಸರಿಪಡಿಸದೆ ನಡೆಸಕೂಡದು.

ಕಡೆಯದಾಗಿ ಕಾವಲಿನ ಮಾತು. ಪಂಪಿನ ಪೆಟ್ಟಿಗೆಯಲ್ಲಿ ಸಿಂಗಲ್ ಫೇಸ್ ಪ್ರಿವೆಂಟರೆಂಬ ಕಾವಲು ಇರುವುದುಂಟು. ಅಸಮತೆಯನ್ನು ಕಂಡೊಡನೆ ಅದು ಮೋಟಾರನ್ನು ನಿಲ್ಲಿಸುತ್ತದೆ. ಕಂಡೆನ್ಸರಿನಿಂದ ನಡೆಸಹೊರಟವರಿಗೆ ಇದೇ ಅಡ್ಡಿಯಾಗಿ ತೋರಿ, ಅದನ್ನು ತಪ್ಪಿಸಿ ತಂತಿಯನ್ನು ಕಟ್ಟುವುದುಂಟು. ಪ್ರಿವೆಂಟರು ನಿಲ್ಲಿಸಿತೆಂದರೆ ಮೂರನೆಯ ಫೇಸು ಸೊರಗಿದೆಯೆಂದೇ ಅರ್ಥ. ಕಾವಲುಗಾರನನ್ನು ಕಳುಹಿಸಿಬಿಟ್ಟರೆ ಕಳ್ಳನು ಹೋದಂತಾಗುವುದಿಲ್ಲ.

೭. ಬೆಲೆಯನ್ನು ತೆರುವವರು

ಪರಿವರ್ತಕವು ಫೇಸನ್ನು ಹುಟ್ಟಿಸುತ್ತದೆಯೇ ಹೊರತು ಶಕ್ತಿಯನ್ನು ಹುಟ್ಟಿಸುವುದಿಲ್ಲ. ಮೂರು ತಂತಿಗಳಲ್ಲಿ ಬರುತ್ತಿದ್ದುದೆಲ್ಲ ಎರಡರಲ್ಲಿಯೇ ಬರಬೇಕಾಗುತ್ತದೆ. ಮೂರು ಫೇಸಿನಲ್ಲಿ ತಂತಿಯೊಂದಕ್ಕೆ ಸುಮಾರು ೭.೫ ಆಂಪಿಯರು ಸೆಳೆಯುವ ೫ ಅಶ್ವಶಕ್ತಿಯ ಮೋಟಾರು, ೪೦೦ ವೋಲ್ಟಿನ ಎರಡು ತಂತಿಗಳಿಂದ ಸುಮಾರು ೧೩ನ್ನೂ, ೨೩೦ ವೋಲ್ಟಿನ ಒಂದು ಫೇಸಿನಿಂದ ಸುಮಾರು ೨೩ನ್ನೂ ಸೆಳೆಯುತ್ತದೆ. ಪರಿವರ್ತಕದ ಸ್ವಂತ ನಷ್ಟವು ಇದರ ಮೇಲೆ. ದೀಪಕ್ಕೆಂದು ಎಳೆದ ಗೆರೆಯ ಮೇಲೆ ಇಂಥ ಹತ್ತು ಪಂಪುಗಳು ಬಿದ್ದರೆ ಊರಿನ ದೀಪಗಳು ಮಂಕಾಗುತ್ತವೆ. ವೋಲ್ಟೇಜು ಇಳಿದು ಆ ಪಂಪುಗಳೇ ಮತ್ತಷ್ಟು ಕಾಯುತ್ತವೆ. ಟ್ರಾನ್ಸ್‌ಫಾರ್ಮರು ಸುಟ್ಟರೆ ಎಲ್ಲರಿಗೂ ಕತ್ತಲೆ. ಕಲಬುರಗಿಯ ಜೆಸ್ಕಾಂ ಮೊದಲಾದ ಸರಬರಾಜು ಕಂಪನಿಗಳು ಈ ಪದ್ಧತಿಯನ್ನು ಒಪ್ಪದಿರುವುದಕ್ಕೂ, ನಿರಂತರ ಜ್ಯೋತಿ ಯೋಜನೆಯಲ್ಲಿ ಮನೆಯ ಗೆರೆಯನ್ನು ಪಂಪಿನ ಗೆರೆಯಿಂದ ಬೇರ್ಪಡಿಸಿದುದಕ್ಕೂ ಹಿನ್ನೆಲೆಯಿದು.

ಇದರಿಂದ ಪರಿವರ್ತಕವೇ ನಿಂದ್ಯವೆಂದು ತಿಳಿಯಬಾರದು. ಒಂದೇ ಫೇಸಿನ ಮಂಜೂರಾತಿಯುಳ್ಳ ಚಿಕ್ಕ ಕಾರ್ಖಾನೆಯಲ್ಲಿ, ಮಂಜೂರಾದ ಹೊರೆಯ ಮಿತಿಯೊಳಗೆ, ಹಳೆಯದೊಂದು ಮೋಟಾರು ಪರಿವರ್ತಕವಾಗಿ ವರ್ಷಗಟ್ಟಲೆ ದುಡಿಯಬಲ್ಲದು. ಕೆಲಸದ ಮೋಟಾರು ಒಂದೇ ಆಗಿದ್ದರೆ, ವೇಗವನ್ನೂ ಹತೋಟಿಯಲ್ಲಿಡುವ ಎಲೆಕ್ಟ್ರಾನಿಕ್ ಡ್ರೈವು ಇಂದು ಹೆಚ್ಚು ಅನುಕೂಲ. ಹಲವು ಮೋಟಾರುಗಳನ್ನು ಒಟ್ಟಿಗೆ ನಡೆಸಬೇಕಾದಲ್ಲಿ ತಿರುಗುವ ಪರಿವರ್ತಕಕ್ಕೆ ಈಗಲೂ ಸ್ಥಾನವಿದೆ. ಅಲ್ಲಿ ತಿರುಗುತ್ತಿರುವ ಪ್ರತಿಯೊಂದು ಮೋಟಾರೂ ಮೂರನೆಯ ಫೇಸಿಗೆ ತನ್ನ ಆಸರೆಯನ್ನು ಕೊಡುತ್ತದೆ.

ರೈಲಿನ ಎಂಜಿನು, ಚಿಕ್ಕ ಕಾರ್ಖಾನೆ, ಬಾಳೆಯ ತೋಟ, ಮೂರರಲ್ಲಿಯೂ ತತ್ತ್ವವೊಂದೇ. ಎಂಜಿನಿನಲ್ಲಿ ಪರಿವರ್ತಕಕ್ಕೆ ಬೇರೆ ಹೊರೆಯಿಲ್ಲ, ಗಾತ್ರವು ಲೆಕ್ಕಕ್ಕೆ ತಕ್ಕಂತಿದೆ, ಮೂರನೆಯ ವೋಲ್ಟೇಜನ್ನು ನೋಡುವ ರಿಲೇ ಸದಾ ಎಚ್ಚರವಾಗಿದೆ. ತೋಟದಲ್ಲಿ ಈ ಮೂರೂ ಇಲ್ಲ. ಅಷ್ಟನ್ನು ಒದಗಿಸಲಾಗದ ಕಡೆ ಮೂರು ಫೇಸು ಬರುವ ಹೊತ್ತಿನಲ್ಲಿ ತೊಟ್ಟಿಯನ್ನು ತುಂಬಿಟ್ಟುಕೊಂಡು, ಉಳಿದ ಹೊತ್ತಿನಲ್ಲಿ ಅದರಿಂದ ನೀರನ್ನು ಹಾಯಿಸುವುದೇ ಮೋಟಾರಿಗೂ ಬೆಳೆಗೂ ಕ್ಷೇಮ.